ಬುಗ್ಗೆಯ ಮರಸು

ಆರ್ಡಿಸ್ ಲೋಕೆನ್ ನಮ್ಮ ಶಾಲೆಯ ಅಡುಗೆಮನೆಯಲ್ಲಿದ್ದಷ್ಟು ಕಾಲ, ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಮಕ್ಕಳ ಮನಸ್ಸು ಪಾಠ ಬಿಟ್ಟು ಎದ್ದುಹೋಗುತ್ತಿತ್ತು. ನಾನು ಕಪ್ಪುಹಲಗೆಯ ಮೇಲೆ ಕರ್ತೃಪದದ ಕೆಳಗೆ ಗೆರೆ ಎಳೆಯುತ್ತಿದ್ದರೆ, ಹಿಂದಿನ ಬೆಂಚಿನಿಂದ ಯಾರಾದರೊಬ್ಬರು, "ಮೇಷ್ಟ್ರೇ, ಇವತ್ತು ಬನ್ನಿಗೆ ದಾಲ್ಚಿನ್ನಿ ಹಾಕಿದಾರೆ" ಎಂದು ಸಾರುತ್ತಿದ್ದರು. ಗದರಿಸಬೇಕಾದ ನಾನೂ ಒಮ್ಮೆ ಮೂಗೆಳೆದು, ಹೌದೆಂದು ತಲೆಯಾಡಿಸಿ, ಮತ್ತೆ ಗೆರೆ ಎಳೆಯುತ್ತಿದ್ದೆ. ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಒಲೆಯ ಮುಂದೆ ನಿಂತಿರುತ್ತಿದ್ದ ಆ ಹೆಂಗಸು ನಾನು ಕಂಡ ಮೃದು ಜೀವಗಳಲ್ಲಿ ಒಬ್ಬಳು. ಅವಳು ಲೋಕೆನ್ ಮನೆತನಕ್ಕೆ ಮಾಡಿದ್ದನ್ನು ಹೇಳುವ ಮೊದಲು ಈ ಮಾತನ್ನು ಹೇಳದಿದ್ದರೆ ತಪ್ಪಾಗುತ್ತದೆ.

ಅವಳು ನಮ್ಮ ವಾಂಗ್ ಕಣಿವೆಯವಳಲ್ಲ. ಮಿಸಿಸಿಪ್ಪಿಯ ಆಚೆ ದಡದ ಯುರೋಪಿನ ಬೊಹೀಮಿಯದಿಂದ ಬಂದು ನೆಲೆಸಿದವರ ಮನೆಯ ಹುಡುಗಿ. ನಾರ್ವೆಯಿಂದ ಬಂದ ಮುತ್ತಾತಂದಿರ ಹೆಸರು ಹೇಳಿಕೊಂಡು ಬದುಕುವ ನಮ್ಮವರಿಗೆ ನದಿ ದಾಟಿ ಬಂದ ಸೊಸೆಯೂ ಒಂದೇ, ಸಮುದ್ರ ದಾಟಿ ಬಂದ ಸೊಸೆಯೂ ಒಂದೇ. ಅವಳನ್ನು ಕರೆತಂದವನು ಲೈಲ್ ಲೋಕೆನ್, ನನ್ನ ಹಳೆಯ ವಿದ್ಯಾರ್ಥಿ. ಚೆಲುವ, ನಗುಮುಖದವನು, ಯಾವ ವಾಕ್ಯವನ್ನೂ ಪೂರ್ತಿ ಬರೆಯದವನು. ಅವನ ತಂದೆ ಸೆಲ್ಮರ್ ಹೊಸ ಸೊಸೆಯನ್ನು ಮೊದಲ ದಿನ ಅಡಿಯಿಂದ ಮುಡಿಯವರೆಗೆ ನೋಡಿ, "ಬಿಲ್ಲು ಎಳೆಯೋಷ್ಟು ತೋಳಿದೆ. ಪರವಾಗಿಲ್ಲ" ಎಂದನಂತೆ. ಆ ಮನೆಯಲ್ಲಿ ಅದು ಮೆಚ್ಚುಗೆಯೇ.

ಏಕೆಂದರೆ ಲೋಕೆನ್ನರಿಗೆ ವರ್ಷದಲ್ಲಿ ಲೆಕ್ಕಕ್ಕೆ ಬರುವ ಕಾಲ ಒಂದೇ. ನವೆಂಬರಿನಲ್ಲಿ ಕೋವಿಯ ಬೇಟೆ ಮುಗಿದು, ಹೊರಗಿನವರೆಲ್ಲ ಊರಿಗೆ ಹೋದ ಮೇಲೆ, ಜನವರಿಯ ಮೊದಲ ವಾರದವರೆಗೆ ಬಿಲ್ಲಿಗೆ ಮಾತ್ರ ಬಿಟ್ಟಿರುವ ಕಾಲ. ಅಷ್ಟು ಹೊತ್ತಿಗೆ ಬದುಕಿ ಉಳಿದ ಜಿಂಕೆಗಳು ಗುಂಡಿನ ಸದ್ದು ಕೇಳಿ ಕೇಳಿ ಜಾಣವಾಗಿರುತ್ತವೆ, ಹಸಿದೂ ಇರುತ್ತವೆ. ಹಗಲೆಲ್ಲ ಗುಡ್ಡದ ಬಿಸಿಲ ಮಗ್ಗುಲಲ್ಲಿ ಕುರುಚಲು ದೇವದಾರುಗಳ ಕೆಳಗೆ ಮಲಗಿದ್ದು, ಕತ್ತಲು ಕವಿಯುವ ಹೊತ್ತಿಗೇ ಎದ್ದು ಮೆಕ್ಕೆಜೋಳದ ಹೊಲಕ್ಕೆ ಇಳಿಯುತ್ತವೆ. ಕತ್ತಲಾದ ಮೇಲೆ ಬಾಣ ಬಿಡುವುದು ಕಾನೂನಿಗೆ ವಿರುದ್ಧ. ಅವು ಏಳುವ ಹೊತ್ತಿಗೂ ನಾವು ಬಿಲ್ಲು ಇಳಿಸಬೇಕಾದ ಹೊತ್ತಿಗೂ ನಡುವೆ ಕೂದಲೆಳೆಯಷ್ಟು ಬೆಳಕು. ಆ ಬೆಳಕಿನಲ್ಲಿ ಜಿಂಕೆ ಎಲ್ಲಿರುತ್ತದೆಯೋ ಅಲ್ಲಿ ಕೂತವನಿಗೆ ಮಾಂಸ, ಉಳಿದವರಿಗೆ ನೆಗಡಿ.

ಲೋಕೆನ್ ಗುಡ್ಡದಲ್ಲಿ ಕೂರುವ ಜಾಗಗಳು ಹೀಗಿದ್ದವು. ನೆತ್ತಿಯ ಮೇಲೆ, ವಾಯವ್ಯ ಮೂಲೆಗೆ, ಚಳಿಗಾಲದಲ್ಲೂ ಹೆಪ್ಪುಗಟ್ಟದ ಒಂದು ಬುಗ್ಗೆ, ಅದರ ಪಕ್ಕದಲ್ಲಿ ಒಂದು ದೊಡ್ಡ ಓಕ್ ಮರ. ಬುಡದಲ್ಲಿ, ಆಗ್ನೇಯಕ್ಕೆ, ಕಲ್ಲುಬೇಲಿ ಕುಸಿದು ಆಗಿದ್ದ ಕಂಡಿ, ಅದರ ಎರಡು ಪಕ್ಕದಲ್ಲಿ ಎರಡು ಮರ, ಆಚೆಗೆ ಕೊಯ್ಯದೆ ಬಿಟ್ಟ ಜೋಳ. ನೆತ್ತಿಗೂ ಕಂಡಿಗೂ ನಡುವೆ ಜಿಂಕೆಗಳು ಮಲಗುವ ಬಿಸಿಲ ಮಗ್ಗುಲು.

ಕೋವಿ ಬೇಟೆ ಮುಗಿದ ಭಾನುವಾರ ಸೆಲ್ಮರನ ಅಡುಗೆಮನೆಯ ಮೇಜಿನ ಸುತ್ತ ಕೂತು ಮರ ಹಂಚುವುದು ಅವರ ಮನೆಯ ಪದ್ಧತಿ. ಆ ಮೇಜಿನಲ್ಲಿ ಕೊಟ್ಟ ಮರ ಕೊಟ್ಟದ್ದೇ. ಬೇರೆಯವರು ಅದನ್ನು ಹತ್ತುವಂತಿಲ್ಲ. ಅದರ ಒಡೆಯ ಯಾವ ದಿನ ಹತ್ತಬೇಕು, ಯಾವ ದಿನ ಹತ್ತಬಾರದು ಎಂದು ಅಪ್ಪಣೆ ಮಾಡುವಂತಿಲ್ಲ. ಕಿತ್ತುಕೊಳ್ಳುವುದಾದರೆ ಅದೇ ಮೇಜಿನಲ್ಲಿ, ಎಲ್ಲರ ಎದುರಿಗೆ, ಮನೆಯ ಹಿರಿಯನೇ ಹೇಳಬೇಕು. ಕಂಡಿಯ ಎರಡು ಮರಗಳಲ್ಲಿ ಒಂದು ಸೆಲ್ಮರನದು, ಒಂದು ಲೈಲನದು. ಬುಗ್ಗೆಯ ಮರವನ್ನು, ಮದುವೆಯಾದ ವರ್ಷವೇ, ಆರ್ಡಿಸಳಿಗೆ ಕೊಟ್ಟರು.

ಆ ದಿನದ ಕಥೆಯನ್ನು ಅವಳು ಅಡುಗೆಮನೆಯಲ್ಲಿ ಎಷ್ಟು ಸಲ ಹೇಳಿದಳೋ ನನಗೆ ನೆನಪಿಲ್ಲ. ಲೈಲ್ ತಾನೇ ಹಲಗೆ ಹೊತ್ತು ತಂದು ಮರದಲ್ಲಿ ಮರಸು, ಅಂದರೆ ಬೇಟೆಗೆ ಅವಿತು ಕೂರುವ ಅಟ್ಟಣೆ, ಕಟ್ಟಿದ. ಅವಳ ಕೈ ಹಿಡಿದು ಹತ್ತಿಸಿದ. ಜೇಬಿನಿಂದ ಹಾಲುಗಿಡದ ಒಣಕಾಯಿ ತೆಗೆದ. ಎಕ್ಕದ ಜಾತಿಯ ಗಿಡ ಅದು. ಗಾಳಿ ನೋಡುವುದಕ್ಕೆಂದು ನಮ್ಮ ಬೇಟೆಗಾರರು ಅದರ ಅರಳೆಯನ್ನು ಜೇಬಿನಲ್ಲಿಟ್ಟುಕೊಂಡಿರುತ್ತಾರೆ. ಒಂದೊಂದೇ ಎಳೆ ಬಿಟ್ಟು, ಅದು ಇಳಿಜಾರಿನ ಮೇಲೆ ತೇಲಿ ಹೋಗುವುದನ್ನು ಇಬ್ಬರೂ ನೋಡಿದರು.

"ನೋಡು ಆರ್ಡಿ, ಎಷ್ಟು ನೇರ ಹೋಗ್ತಿದೆ! ಇದಕ್ಕಿಂತ ಒಳ್ಳೆ ಜಾಗ ಇಡೀ ಗುಡ್ಡದಲ್ಲೇ ಇಲ್ವಂತೆ. ಅಪ್ಪನೇ ಅಂದ."

"ಹಾಗಾದ್ರೆ ನೀನೇ ಕೂತ್ಕೋಬಾರ್ದಾ?"

"ನಿಂಗೆ ಅಂತಲೇ ಕಟ್ಟಿದ್ದು ಕಣೇ."

"ಉಂಗುರ ಕೊಟ್ಟ ದಿನ ಯಾವ ಬಟ್ಟೆ ಹಾಕಿದ್ದ ಅಂತ ನೆನಪಿಲ್ಲ ಮೇಷ್ಟ್ರೇ" ಎನ್ನುತ್ತಿದ್ದಳು. "ಮರ ಕೊಟ್ಟ ದಿನ ಅವನ ಟೋಪಿಗೆ ಯಾವ ಎಲೆ ಅಂಟಿತ್ತು ಅಂತ ಹೇಳ್ತೀನಿ."

ಆ ಮರದಲ್ಲಿ ಅವಳು ವರ್ಷಗಟ್ಟಲೆ ಕೂತಳು. ಮಧ್ಯಾಹ್ನ ಶಾಲೆಯ ಕೆಲಸ ಮುಗಿಸಿ ಹೊರಡುತ್ತಿದ್ದಳು. ಬಟ್ಟೆ ಬದಲಿಸಲು ಮನೆಗೆ ಹೋದರೆ ಹೊತ್ತಾಗುತ್ತದೆಂದು ಲೈಲ್ ಅವಳನ್ನು ನೇರವಾಗಿ ಬೆಟ್ಟದ ದಾರಿಗೆ ಬಿಡುತ್ತಿದ್ದ. ಗಂಡಸರು ತಮ್ಮ ಬೇಟೆಯ ಬಟ್ಟೆಗಳನ್ನು ದೇವದಾರು ಸೊಪ್ಪಿನ ಪೆಟ್ಟಿಗೆಯಲ್ಲಿಡುತ್ತಿದ್ದರು. ಅವಳಿಗೆ ಹೇಳಿದ್ದ ನಿಯಮಗಳು ಎರಡೇ. ನೆತ್ತಿಯ ದಾರಿಯಲ್ಲೇ ಹೋಗಿ ಅದೇ ದಾರಿಯಲ್ಲಿ ಬರಬೇಕು. ಬಿಸಿಲ ಮಗ್ಗುಲಿಗೆ ಕಾಲಿಡಬಾರದು, ಒಂದು ಹೆಜ್ಜೆಯ ವಾಸನೆ ಸಿಕ್ಕರೂ ಜಿಂಕೆ ಊರು ಬಿಡುತ್ತದೆ. ಎರಡನೆಯದು, ಗಾಳಿ ದಕ್ಷಿಣದಿಂದ ಬೀಸುವ ದಿನ ಯಾರೂ ಹೋಗಬಾರದು. ಎರಡೂ ಬೇಟೆಯ ಶಾಸ್ತ್ರಕ್ಕೆ ಸರಿಯಾದ ಮಾತುಗಳೇ.

ಅವಳ ಮರದ ಕೆಳಗೆ ಒಂದೇ ಒಂದು ಜಿಂಕೆ ಬರಲಿಲ್ಲ. ಗುರಿ ಇತ್ತು, ಕೊಟ್ಟಿಗೆಯ ಹುಲ್ಲಿನ ಕಂತೆಗೆ ಅವಳು ಬಾಣ ನೆಡುವುದನ್ನು ನಾನೇ ನೋಡಿದ್ದೇನೆ. ಜಿಂಕೆ ಇರಲಿಲ್ಲ ಅಷ್ಟೆ. ಕಂಡಿಯಲ್ಲಿ ಕೂತ ಅಪ್ಪ ಮಗ ಪ್ರತಿ ಚಳಿಗಾಲ ಹಿತ್ತಲಿನ ಮೇಪಲ್ ಮರಕ್ಕೆ ತಮ್ಮ ತಮ್ಮ ಜಿಂಕೆ ತೂಗುಹಾಕುತ್ತಿದ್ದರು. ಊಟದ ಮೇಜಿನಲ್ಲಿ ಅವಳೇ ಉಪ್ಪಿನಕಾಯಿ.

"ನಮ್ಮ ಆರ್ಡಿಸ್ ಮರ ಹತ್ತಿದ್ಲು ಅಂದ್ರೆ ಜಿಂಕೆಗಳಿಗೆ ಊಟದ ಗಂಟೆ ಹೊಡೆದ ಹಾಗೆ" ಎಂದು ಸೆಲ್ಮರ್ ಶುರುಮಾಡುತ್ತಿದ್ದ.

"ಬನ್ನಿನ ವಾಸನೆ ಕಣ್ರೀ" ಎನ್ನುತ್ತಿದ್ದ ಅವನ ಅಳಿಯ ಕರ್ಟ್, ಲೈಲನ ತಂಗಿ ಸೋಲ್ವಿಯ ಗಂಡ. "ಪಾಪ, ಬೆಣ್ಣೆ ಹುಡುಕ್ಕೊಂಡು ಹೋಗಿರ್ತವೆ."

ಎಲ್ಲರೂ ನಗುತ್ತಿದ್ದರು. ಲೈಲನೂ ನಗುತ್ತಿದ್ದ. ಆರ್ಡಿಸ್ ಎಲ್ಲರಿಗಿಂತ ಜೋರಾಗಿ ನಕ್ಕು, ಅವರು ಹೊಡೆದ ಮಾಂಸವನ್ನೇ ಬಡಿಸುತ್ತಿದ್ದಳು.

ಒಂದು ಬೇಸಿಗೆಯಲ್ಲಿ ಲೈಲ್ ಗುಡ್ಡದ ಇಳಿಜಾರಿನಲ್ಲಿ ಹುಲ್ಲು ಕೊಯ್ಯುವಾಗ ಟ್ರ್ಯಾಕ್ಟರ್ ಮಗುಚಿತು. ನಮ್ಮ ಕಣಿವೆಯ ಹೊಲಗಳೇ ಅಂಥವು. ಪ್ರತಿ ತಲೆಮಾರಿಗೆ ಒಬ್ಬನನ್ನಾದರೂ ತೆಗೆದುಕೊಳ್ಳುತ್ತವೆ. ಆ ಚಳಿಗಾಲ ಆರ್ಡಿಸ್ ಮರ ಹತ್ತಲಿಲ್ಲ. ಲೈಲನ ಮರವನ್ನು ಕರ್ಟನಿಗೆ ಕೊಟ್ಟರು. ಅವನೂ ಸೆಲ್ಮರನೂ ಋತು ಮುಗಿಯುವವರೆಗೆ ಕಂಡಿಯಲ್ಲಿ ಕೂತು ಬರಿಗೈಯಲ್ಲಿ ಎದ್ದು ಬಂದರು. ಮಗ ಸತ್ತ ವರ್ಷ, ಮುದುಕನ ಕೈ ನಡುಗಿರಬೇಕು ಎಂದು ಊರು ಅಂದುಕೊಂಡಿತು.

ಮರುವರ್ಷ ಮರ ಹಂಚುವ ಭಾನುವಾರ ಸೆಲ್ಮರ್ ಕಾಫಿ ಬಟ್ಟಲನ್ನು ಪಕ್ಕಕ್ಕಿಟ್ಟು ಸೊಸೆಯ ಕಡೆ ತಿರುಗಿದ.

"ಬುಗ್ಗೆ ಮರ ಹೋದ ವರ್ಷ ಖಾಲಿ ಬಿತ್ತು. ಖಾಲಿ ಮರ ಈ ಮನೆಗೆ ಒಳ್ಳೇದಲ್ಲ. ಈ ಸಲ ಋತು ಮುಗಿಯೋದ್ರೊಳಗೆ ನಿನ್ನ ಕೈಯಿಂದ ಒಂದು ಜಿಂಕೆ ಮೇಪಲ್ಲಿಗೆ ಏರ್ಬೇಕು. ಇಲ್ಲಾಂದ್ರೆ ಮರ ಬೇರೆಯವರಿಗೆ."

"ಅದು ಲೈಲ್ ಕೊಟ್ಟಿದ್ದು, ಮಾವ."

"ಕೊಡೋಕೆ ಅದು ಲೈಲಂದಲ್ಲ. ಈ ಮೇಜು ಕೊಟ್ಟಿದ್ದು, ಈ ಮೇಜೇ ಕಿತ್ಕೊಳ್ಳುತ್ತೆ."

"ಇಷ್ಟು ವರ್ಷ ಒಂದೂ ಕಣ್ಣಿಗೆ ಬಿದ್ದಿಲ್ಲವಲ್ಲ, ಈಗೆಲ್ಲಿಂದ ತರ್ಲಿ?"

"ಸರಿಯಾಗಿ ಕೂತಿದ್ರೆ ತಾನೇ. ವಾಯವ್ಯ ಗಾಳಿ ಬೀಸಿದ ದಿನ ಒಂದೂ ಬಿಡ್ಬೇಡ. ಅಳ್ತಾ ಕೂತ್ಕೊಳ್ಳೋಕೆ ಚರ್ಚ್ ಇದೆ, ಮರಸು ಬೇಟೆಗೆ."

ಅವಳು ಹೋದಳು. ಆ ಡಿಸೆಂಬರಿನ ಚಳಿ ಕೆಟ್ಟದ್ದು. ಶಾಲೆಯ ಹಾಲಿನ ಡಬ್ಬಿಗಳು ಬಾಗಿಲಲ್ಲೇ ಹೆಪ್ಪುಗಟ್ಟುತ್ತಿದ್ದವು. ಅವಳ ಬೆರಳ ತುದಿಗಳು ಬೆಳ್ಳಗಾಗಿ, ಹಿಟ್ಟು ನಾದುವಾಗ ಬಿರುಕುಬಿಟ್ಟು ರಕ್ತ ಬರುತ್ತಿದ್ದುದನ್ನು ನೋಡಿ ನಾನು, "ಒಂದು ಮರ ತಾನೇ, ಬಿಟ್ಟುಬಿಡಮ್ಮ" ಎಂದೆ. "ಅವನ ಸಮಾಧಿ ಮೇಲಿರೋದು ಚರ್ಚಿನವರು ಆರಿಸಿದ ಕಲ್ಲು ಮೇಷ್ಟ್ರೇ. ಅವನೇ ಆರಿಸಿ ನಂಗೆ ಅಂತ ಕೊಟ್ಟಿದ್ದು ಅದೊಂದೇ" ಎಂದಳು. 

ಅವಳು ಕೂತ ಮೊದಲ ವಾರವೇ ಸೆಲ್ಮರ್ ಕಂಡಿಯಲ್ಲಿ ಒಂದು ಗಂಡು ಜಿಂಕೆ ಹೊಡೆದ. ಕರ್ಟನೂ ಒಂದು ಹೊಡೆದ. ಮುದುಕನ ಕೈ ನಡುಕ ವಾಸಿಯಾಯಿತೆಂದು ಊರು ಸಂತೋಷಪಟ್ಟಿತು. ಆರ್ಡಿಸಳ ಕಣ್ಣಿಗೆ ಬಿದ್ದದ್ದು ಒಂದು ಅಳಿಲು.

ಋತು ಮುಗಿಯಲು ಕೆಲವೇ ದಿನ ಉಳಿದಾಗ ಅವಳಿಗೊಂದು ಯೋಚನೆ ಬಂತು. ಮರಸನ್ನು ಇಳಿಜಾರಿನಲ್ಲಿ ಒಂದಿಷ್ಟು ಕೆಳಗಿನ ಮರಕ್ಕೆ ಸರಿಸಿದರೆ ಹೇಗೆ? ಅದಕ್ಕೆ ಜಿಂಕೆ ಎಲ್ಲಿ ನಡೆಯುತ್ತದೆ ಎಂದು ನೋಡಬೇಕು. ನೋಡಬೇಕೆಂದರೆ ಕಾಲಿಡಬಾರದ ಕಡೆ ಕಾಲಿಡಬೇಕು. ಕರ್ಟನ ಚಿಕ್ಕಪ್ಪ ತೀರಿಕೊಂಡು ಮನೆಯವರೆಲ್ಲ ಪಕ್ಕದ ಊರಿಗೆ ಹೋದ ದಿನ ಅವಳು ಹಲ್ಲುನೋವೆಂದು ಹೇಳಿ ಉಳಿದುಕೊಂಡಳು. ಹಿಂದಿನ ದಿನ ಬೆಳಗ್ಗೆ ಹೊಸ ಹಿಮ ಬಿದ್ದಿತ್ತು. ಅದೇ ದಿನ ಮಧ್ಯಾಹ್ನ ಅವಳು ಮರದಲ್ಲಿ ಕೂತಿದ್ದಳು. ಹಿಮದ ಮೇಲೆ ಬರೆದಿದ್ದೆಲ್ಲ ಆಮೇಲಿನದು.

ಬಿಸಿಲ ಮಗ್ಗುಲಿನ ತುಂಬ ಜಿಂಕೆ ಮಲಗಿದ್ದ ಗುಳಿಗಳು. ಮೈಶಾಖಕ್ಕೆ ಹಿಮ ಕರಗಿ, ಮತ್ತೆ ಗಟ್ಟಿಯಾಗಿ, ಒಂದೊಂದರಲ್ಲೂ ನಾಲ್ಕಾರು ಬೂದುಗೂದಲು. ಇಷ್ಟು ವರ್ಷ ಅವಳ ಕಾಲಬುಡದಲ್ಲೇ ಹಿಂಡು ಮಲಗಿತ್ತು. ಪ್ರತಿ ಗುಳಿಯಿಂದಲೂ ಹೆಜ್ಜೆಗಳು ಹೊರಟಿದ್ದವು. ಓಡಿದ ಹೆಜ್ಜೆಗಳಲ್ಲ. ಬೆದರಿದ ಜಿಂಕೆ ಚದುರಿ ನೆಗೆಯುತ್ತದೆ. ಇವು ಬೇಸರಪಟ್ಟು ಎದ್ದು, ಒಂದರ ಹಿಂದೊಂದು ಸಾಲಾಗಿ, ಬುಗ್ಗೆಗೆ ಬೆನ್ನು ಹಾಕಿ ನಡೆದು ಹೋಗಿದ್ದವು. ಅವಳು ಸಾಲನ್ನು ಹಿಂಬಾಲಿಸಿದಳು. ಅದು ನೇರವಾಗಿ ಕಲ್ಲುಬೇಲಿಯ ಕಂಡಿಗೆ, ಸೆಲ್ಮರ್ ಮತ್ತು ಕರ್ಟರ ಎರಡು ಮರಗಳ ನಡುವಿಗೆ ಹೋಯಿತು.

ಅವಳು ಮತ್ತೆ ಮೇಲೆ ಹತ್ತಿ ತನ್ನ ಮರಸಿನಲ್ಲಿ ಕೂತಳು. ಮೈಮೇಲೆ ಲೈಲನ ಹಳೆಯ ಕೋಟು. ಅದರ ಜೇಬಿನಲ್ಲಿ ಅವನದೇ ಹಾಲುಗಿಡದ ಕಾಯಿ. ಗಾಳಿ ವಾಯವ್ಯದಿಂದ ಸಣ್ಣಗೆ ಬೀಸುತ್ತಿತ್ತು. ಅವಳು ಒಂದು ಎಳೆ ಬಿಟ್ಟಳು. ಅದು ಇಳಿಜಾರಿನ ಮೇಲೆ ನೇರವಾಗಿ ತೇಲಿ, ಗುಳಿಗಳ ನಡುವೆ ಹೋಗಿ ಇಳಿಯಿತು. ಇನ್ನೊಂದು ಬಿಟ್ಟಳು. ಅದೂ ಅಲ್ಲೇ ಇಳಿಯಿತು.

ಕತ್ತಲಾಗುವಾಗ ಏಳುವ ಜಿಂಕೆಯನ್ನು ಬೆಳಕಿದ್ದಾಗಲೇ ಎಬ್ಬಿಸಬೇಕು, ಆದರೆ ಬೆದರಿಸಬಾರದು. ಮನುಷ್ಯರ ವಾಸನೆ ದೂರದಿಂದ, ತೆಳುವಾಗಿ, ಬೆಣ್ಣೆ ಬೆರೆತ ಹಾಗೆ ಬಂದರೆ ಅವು ಓಡುವುದಿಲ್ಲ, ಎದ್ದು ಬೇರೆ ಕಡೆ ಹೊರಡುತ್ತವೆ. ಹಿಂದೆ ಯುರೋಪಿನಲ್ಲಿ ಜಮೀನ್ದಾರರು ಡೋಲು ಬಡಿಯುವ ಆಳುಗಳಿಂದ ಮಾಡಿಸುತ್ತಿದ್ದ ಕೆಲಸವನ್ನು ಲೋಕೆನ್ನರು ಒಬ್ಬಳು ಸೊಸೆಯನ್ನು ಮರದಲ್ಲಿ ಕೂರಿಸಿ ಸದ್ದಿಲ್ಲದೆ ಮಾಡಿಸುತ್ತಿದ್ದರು. ದಕ್ಷಿಣದ ಗಾಳಿಯಲ್ಲಿ ಅವಳನ್ನು ಕಳಿಸದಿದ್ದುದೂ, ಬಟ್ಟೆ ಬದಲಿಸಗೊಡದಿದ್ದುದೂ, ಕೆಳಗೆ ಕಾಲಿಡಬೇಡವೆಂದದ್ದೂ ಅವಳ ಮನಸ್ಸಿನಲ್ಲಿ ಒಂದೊಂದಾಗಿ ತಮ್ಮ ತಮ್ಮ ಜಾಗಕ್ಕೆ ಬಂದು ಕೂತವು. ಮೊದಲು ಅವಳಿಗೆ ಸೆಲ್ಮರನ ಮುಖ ಕಂಡಿತಂತೆ. ಆಮೇಲೆ, ಟೋಪಿಗೆ ಎಲೆ ಅಂಟಿಸಿಕೊಂಡು, ಅರಳೆ ಎಷ್ಟು ನೇರ ಹೋಗುತ್ತಿದೆ ನೋಡು ಎನ್ನುತ್ತಿದ್ದ ಇನ್ನೊಂದು ಮುಖ.

ಸಂಜೆ ಸೋಲ್ವಿ ಅಂತ್ಯಕ್ರಿಯೆಯಿಂದ ಬಂದು, ಉಳಿದ ಆಲೂಗಡ್ಡೆ ರೊಟ್ಟಿಗಳನ್ನು ಕೊಡಲು ಇವಳ ಮನೆಗೆ ಬಂದಳು. ಆರ್ಡಿಸ್ ಮರದ ವಿಷಯ ಕೇಳಿಯೇಬಿಟ್ಟಳು.

ಸೋಲ್ವಿ ರೊಟ್ಟಿಯ ಡಬ್ಬಿಯನ್ನು ಕೈಯಲ್ಲೇ ಹಿಡಿದುಕೊಂಡು ನಿಂತಳು. "ನಿಂಗೆ ಗೊತ್ತಿರ್ಲಿಲ್ವಾ? ನಿಜವಾಗ್ಲೂ? ಅಪ್ಪ ಪ್ರತಿ ವರ್ಷ ನಿನ್ನ ಮುಖದ ಮೇಲೇ ಹೇಳ್ತಿದ್ದ. ನೀನೂ ನಗ್ತಿದ್ದೆ. ಗೊತ್ತಿದ್ದೇ ಕೂರ್ತಾಳೆ, ದೊಡ್ಡ ಮನಸ್ಸು ಅಂದ್ಕೊಂಡಿದ್ದೆ."

"ಯಾಕೆ ನಾನು?"

"ಯಾರಾದ್ರೂ ಕೂರ್ಬೇಕಲ್ಲ. ನಿನಗಿಂತ ಮೊದ್ಲು ನಾನು ಕೂರ್ತಿದ್ದೆ. ಆಗ ಹಲಗೆನೂ ಇರ್ಲಿಲ್ಲ, ಒಂದು ಮೊಂಡು ಬೊಡ್ಡೆ. ನಿಮ್ಮ ಮದುವೆ ದಿನ ನಾನು ಎಷ್ಟು ಕುಣಿದೆ ನೆನಪಿದೆಯಾ? ಎಲ್ರೂ ಅಣ್ಣನ ಮೇಲೆ ಎಷ್ಟು ಪ್ರೀತಿ ಅಂದ್ರು." ಅವಳು ನಗಲು ನೋಡಿದಳು. "ಹೋದ ವರ್ಷ ನೀ ಕೂರ್ಲಿಲ್ಲ, ಅವರಿಗೆ ಒಂದೂ ಸಿಗ್ಲಿಲ್ಲ. ಅದಕ್ಕೇ ಅಪ್ಪ ಮರ ಕಿತ್ಕೋತೀನಿ ಅಂತ ಹೆದರಿಸಿದ್ದು. ಕಿತ್ಕೋತಾನಾ? ನಿನ್ನ ಬಿಟ್ರೆ ಅಲ್ಲಿ ಯಾರು ಕೂರ್ತಾರೆ?"

"ಲೈಲ್‌ಗೆ ಗೊತ್ತಿತ್ತಾ?"

ಸೋಲ್ವಿ ಡಬ್ಬಿಯನ್ನು ಮೇಜಿನ ಮೇಲಿಟ್ಟಳು. "ಅವನು ಚಿಕ್ಕೋನಿದ್ದಾಗಿಂದ ಅಪ್ಪ ಹೇಳಿದ್ದನ್ನ ಹಾಗೇ ನಂಬ್ತಿದ್ದ. ಹಾಗೇ ಮಾಡ್ತಿದ್ದ. ಅವನ ತಲೇಲಿ ಏನಿತ್ತೋ ನಾ ಕೇಳಿಲ್ಲ. ನೀನೂ ಕೇಳ್ಬೇಡ. ರೊಟ್ಟಿ ಬಿಸಿ ಮಾಡ್ಕೊಂಡು ತಿನ್ನು."

ಆ ರಾತ್ರಿ ಅವಳು ಅತ್ತಳೋ ಇಲ್ಲವೋ ನನಗೆ ಹೇಳಲಿಲ್ಲ. ಮರುದಿನ ಏನು ಯೋಚಿಸಿದಳೆಂಬುದನ್ನು ಹೇಳಿದಳು. ಯಾರೂ ಎಬ್ಬಿಸದಿದ್ದಾಗ ಜಿಂಕೆ ಎಲ್ಲಿ ಹೋಗುತ್ತದೆ? ಬೇಟೆಗೆ ಬಂದು ಇಷ್ಟು ವರ್ಷವಾದ ಮೇಲೆ ಅವಳು ತನಗಾಗಿ ಜಾಗ ಹುಡುಕಿದ್ದು ಅದೇ ಮೊದಲು.

ದಕ್ಷಿಣದ ಗಾಳಿ ಬೀಸಿದ ದಿನ, ಮನೆಯವರು ಬೆಂಕಿಯ ಮುಂದೆ ಇಸ್ಪೀಟು ಹಿಡಿದು ಕೂತಾಗ, ಅವಳು ರಸ್ತೆಯಿಂದಲೇ ಗುಡ್ಡವನ್ನು ಸುತ್ತಿ ನೋಡಿದಳು. ಪಶ್ಚಿಮಕ್ಕೆ ಒಂದು ಒಣ ಕೊರಕಲು ಇಳಿದು, ಹಿಂದೆ ಆಡು ಮೇಯಿಸುತ್ತಿದ್ದ ಬಯಲಿಗೆ ಬಂದು ಸೇರುತ್ತದೆ. ಯಾರಿಗೂ ಹಂಚದ ಜಾಗ ಅದು. ಒಂದು ಒಳ್ಳೆಯ ಮರವೂ ಇಲ್ಲ. ಕೊರಕಲಿನ ಬಾಯಲ್ಲಿ ಹಿಮವೆಲ್ಲ ತುಳಿದು ಕೆಸರಾಗಿತ್ತು. ಯಾರೂ ಕಾಡದ ದಿನಗಳಲ್ಲಿ ಹಿಂಡು ಬಳಸಿಕೊಂಡು ಇಲ್ಲಿಂದ ಜೋಳಕ್ಕೆ ಹೋಗುತ್ತಿತ್ತು, ಅದೂ ಸಂಜೆಗೆ ಮೊದಲೇ. ಇಲ್ಲಿ ಅವುಗಳಿಗೆ ಎಂದೂ ಬಾಣ ಬಿದ್ದಿರಲಿಲ್ಲ, ಹಾಗಾಗಿ ಕತ್ತಲಿಗೆ ಕಾಯುತ್ತಿರಲಿಲ್ಲ. ಹತ್ತಿರದಲ್ಲೇ, ಪೊದೆ ಹಬ್ಬಿದ, ತುಕ್ಕು ಹಿಡಿದ ಹುಲ್ಲುಬಾಚುವ ಹಳೆಯ ಯಂತ್ರ. ಅದರ ಹಿಂದೆ ಕೂತರೆ ದಕ್ಷಿಣದ ಗಾಳಿ ಅವಳ ವಾಸನೆಯನ್ನು ರಸ್ತೆಯ ಕಡೆಗೆ ಒಯ್ಯುತ್ತದೆ. ಬಯಲಂಚಿನಲ್ಲಿ ಹೆಪ್ಪುಗಟ್ಟದೆ ಹರಿಯುವ ತೊರೆಯ ನೀರಿನಲ್ಲೇ ನಡೆದು ಬಂದರೆ ಹೆಜ್ಜೆಯ ವಾಸನೆಯೂ ಉಳಿಯದು. ಅವಳು ಬಟ್ಟೆಗಳನ್ನು ಒಗೆದು, ದೇವದಾರು ಸೊಪ್ಪಿನ ಹೊಗೆಗೆ ಹಿಡಿದು, ಮೂರು ದಿನ ಒಲೆಯ ಹತ್ತಿರ ಸುಳಿಯಲಿಲ್ಲ. ಶಾಲೆಗೆ ಕ್ರಿಸ್‌ಮಸ್ ರಜೆ ಇತ್ತು.

ಋತು ಮುಗಿಯುವ ಹಿಂದಿನ ದಿನ ಗಾಳಿ ಮತ್ತೆ ದಕ್ಷಿಣದಿಂದ ಬೀಸತೊಡಗಿತು. ಅವಳು ರಬ್ಬರ್ ಬೂಟು ಹಾಕಿಕೊಂಡು ತೊರೆಯಲ್ಲಿ ನಡೆದು ಹೋಗಿ ಯಂತ್ರದ ಹಿಂದೆ ಮೊಣಕಾಲೂರಿ ಕೂತಳು. ಸೂರ್ಯ ಎದುರಿನ ಗುಡ್ಡಕ್ಕೆ ತಾಗುವ ಮೊದಲೇ ಕೊರಕಲಿನಿಂದ ಒಂದು ಹೆಣ್ಣು ಜಿಂಕೆ ಬಂತು. ಪಕ್ಕೆಲುಬು ಕಾಣುವಷ್ಟು ಬಡಕಲು. ಹಿಂದೆ ಅದರ ಆ ವರ್ಷದ ಮರಿ. ಅವಳು ಬಿಲ್ಲೆಳೆದಳು. ಬಿರುಕುಬಿಟ್ಟ ಬೆರಳು ಕೊನೆಯ ಗಳಿಗೆಯಲ್ಲಿ ಅದುರಿ, ಬಾಣ ಒಂದು ಗೇಣು ಹಿಂದಕ್ಕೆ, ಹೊಟ್ಟೆಗೆ ನೆಟ್ಟಿತು.

ಹೊಟ್ಟೆಗೆ ಬಿದ್ದರೆ ಬೆನ್ನಟ್ಟಬಾರದು. ಬೆನ್ನಟ್ಟಿದರೆ ಜಿಂಕೆ ಮೈಲಿಗಟ್ಟಲೆ ಹೋಗಿ ಎಲ್ಲೋ ಸಾಯುತ್ತದೆ. ಕಾದರೆ ಹತ್ತಿರದಲ್ಲೇ ಮಲಗುತ್ತದೆ. ಅದು ಬೆನ್ನು ಬಾಗಿಸಿ ನಿಧಾನವಾಗಿ ನಡೆದು, ಅವಳ ಕಣ್ಣೆದುರಿಗೇ, ಬಯಲಿನ ನಡುವೆ ಮಲಗಿತು. ಎರಡನೆಯ ಬಾಣಕ್ಕೆ ದೂರವಾಗಿತ್ತು. ಮರಿ ಅದರ ಪಕ್ಕ ನಿಂತು, ಮೂಗಿನಿಂದ ನೂಕಿ, ಏನೋ ತಪ್ಪಾಗಿದೆಯೆಂದು ತಿಳಿಯದೆ ತಾಯಿಯ ಸುತ್ತಲಿನ ಹುಲ್ಲನ್ನು ಹಿಮ ಕೆರೆದು ತಿನ್ನಲು ತೊಡಗಿತು. ತಾಯಿ ತಲೆ ಎತ್ತುವುದು, ಇಳಿಸುವುದು. ಎತ್ತುವುದು, ಇಳಿಸುವುದು. ಆರ್ಡಿಸ್ ಅಲುಗಾಡದೆ ಕೂತಿದ್ದಳು. ತನಗೆ ಆಗ ಅಳು ಬರಲಿಲ್ಲ, ಹಸಿವಾಗಿತ್ತು ಎಂದು ಅವಳು ಹೇಳಿದಾಗ ನಾನು ಅವಳ ಮುಖ ನೋಡಲಿಲ್ಲ. ತಲೆ ಮತ್ತೆ ಏಳದಾದ ಮೇಲೆ ಅವಳು ಎದ್ದು ಹೋಗಿ, ಮರಿಯನ್ನು ಕೈಬೀಸಿ ಓಡಿಸಬೇಕಾಯಿತು.

ಸಾಸೇಜ್ ತುಂಬುವ ದಿನ ನಾನೂ ಇದ್ದೆ. ಪ್ರತಿ ಜನವರಿ ಸೆಲ್ಮರನ ಶೆಡ್ಡಿನಲ್ಲಿ ನೆರೆಹೊರೆಯವರು, ಚರ್ಚಿನ ಪಾದ್ರಿ, ಎಲ್ಲ ಸೇರಿ ಮಾಂಸ ಅರೆಯುತ್ತಿದ್ದೆವು. ಮೇಪಲ್ಲಿನಲ್ಲಿ ಎರಡು ಗಂಡು ಜಿಂಕೆಗಳ ಪಕ್ಕ ಆ ಬಡಕಲು ಹೆಣ್ಣು ತೂಗುತ್ತಿತ್ತು.

"ಬೊಹೀಮಿಯದ ಹುಡುಗಿ ಕೊನೆಗೂ ಹೊಡೆದ್ಲಪ್ಪ!" ಎಂದು ಕರ್ಟ್ ಕೂಗಿದ. "ಚರ್ಮ ಮೂಳೆ ಬಿಟ್ರೆ ಇನ್ನೇನಿದೆ ಇದ್ರಲ್ಲಿ? ಬನ್ನಿಗೆ ಬೆಣ್ಣೆ ಸವರೋಷ್ಟೂ ಕೊಬ್ಬಿಲ್ಲ."

ಸೆಲ್ಮರ್ ನಗಲಿಲ್ಲ. "ಎಲ್ಲಿ ಹೊಡೆದೆ?"

"ಆಡಿನ ಬಯಲಲ್ಲಿ, ಮಾವ."

"ಅವತ್ತು ದಕ್ಷಿಣದ ಗಾಳಿ."

"ಹೌದು. ದಕ್ಷಿಣದ ಗಾಳಿ."

ಮುದುಕ ಕೈಯಲ್ಲಿದ್ದ ಚಾಕುವನ್ನು ಏಪ್ರನ್ನಿಗೆ ಒರೆಸಿಕೊಂಡ.

"ಜಿಂಕೆ ಬಿತ್ತಲ್ಲ ಮಾವ. ಮರ ನಂದಾ?" ಎಂದಳು ಆರ್ಡಿಸ್, ಎಲ್ಲರಿಗೂ ಕೇಳುವ ಹಾಗೆ.

ಇಡೀ ಕಣಿವೆ ನಿಂತು ಕೇಳುತ್ತಿರುವಾಗ ಅವನು ಬೇರೇನು ಹೇಳಿಯಾನು? "ನಿಂದು. ನೀನಿರೋವರೆಗೂ ನಿಂದು."

"ಯಾವಾಗ ಬೇಕಾದ್ರೂ ಹತ್ತಬಹುದಾ? ಯಾವ ಗಾಳೀಲಿ ಬೇಕಾದ್ರೂ?"

"ಅದು ನಮ್ಮ ಮನೆ ಪದ್ಧತಿ" ಎಂದ ಸೆಲ್ಮರ್.

ಪಾದ್ರಿ ಕಣ್ಣೊರೆಸಿಕೊಂಡರು. ಗಂಡ ಕೊಟ್ಟ ಮರವನ್ನು ಉಳಿಸಿಕೊಂಡ ಹೆಣ್ಣಿನ ಬಗ್ಗೆ ಮುಂದಿನ ಭಾನುವಾರ ಅವರು ಒಳ್ಳೆಯದೊಂದು ಪ್ರವಚನವನ್ನೇ ಮಾಡಿದರು.

ಆ ಬೇಸಿಗೆಯಲ್ಲಿ ಆರ್ಡಿಸ್ ಶಾಲೆಯ ಕೆಲಸ ಬಿಟ್ಟಳು. ಸೆಪ್ಟೆಂಬರಿನಲ್ಲಿ, ಲೋಕೆನ್ನರು ಲೆಕ್ಕಕ್ಕೇ ಇಡದ ಮೊದಲ ಬಿಲ್ಲಿನ ಕಾಲ ತೆರೆದ ದಿನ ಮರ ಹತ್ತಿದವಳು ಮತ್ತೆ ದಿನ ತಪ್ಪಿಸಲಿಲ್ಲ. ಬೆಳಗ್ಗೆ ಬ್ರೆಡ್ಡು ಬೇಯಿಸಿ, ಅದೇ ಬಟ್ಟೆಯಲ್ಲಿ, ಬಿಸಿ ಬ್ರೆಡ್ಡು ಕಾಫಿ ಬುಟ್ಟಿಯಲ್ಲಿ ಹಿಡಿದು ಹೋಗುತ್ತಿದ್ದಳು. ಪೂರ್ವದ ಗಾಳಿ, ಪಶ್ಚಿಮದ ಗಾಳಿ, ಗಾಳಿಯೇ ಇಲ್ಲದ ದಿನ, ಎಲ್ಲವೂ ಸರಿ. ಬಿಸಿಲ ಮಗ್ಗುಲಿನಲ್ಲೇ ಇಳಿದು ನಡೆಯುತ್ತಿದ್ದಳು. ಅಲ್ಲಲ್ಲಿ ಕೂತು ಬ್ರೆಡ್ಡು ತಿನ್ನುತ್ತಿದ್ದಳು. ಒಂದು ದಿನ ಬೇಸರಪಟ್ಟು ಎದ್ದು ಹೋಗುವ ಜಿಂಕೆ ದಿನಾ ಬೇಸರಪಟ್ಟರೆ ಮರಳಿ ಬರುವುದಿಲ್ಲ. ಅಕ್ಟೋಬರಿನ ಹೊತ್ತಿಗೆ ಹಿಂಡು ಗುಡ್ಡವನ್ನೇ ಬಿಟ್ಟು, ಪೇಟೆಯವರಿಗೆ ಬೇಟೆಗೆ ಕೊಟ್ಟಿದ್ದ ಆಚೆಯ ಜಮೀನಿಗೆ ಹೋಯಿತು. ಕಂಡಿಯಲ್ಲಿ ಸೆಲ್ಮರ್ ಕೂತ, ಕರ್ಟ್ ಕೂತ. ಹಿಮದ ಮೇಲೆ ಹಕ್ಕಿಯ ಹೆಜ್ಜೆ ಮಾತ್ರ ಬಿತ್ತು. ಆಚೆಯ ಜಮೀನಿನಿಂದ ಪೇಟೆಯವರ ನಗು ಕೇಳಿಸುತ್ತಿತ್ತು.

ರಸ್ತೆಯಲ್ಲಿ ಹೋಗುವವರು ನೆತ್ತಿಯ ಕಡೆ ನೋಡಿ, "ಎಷ್ಟು ಪ್ರೀತಿ ನೋಡಿ! ಇನ್ನೂ ಅವನನ್ನ ಮರೆತಿಲ್ಲ" ಎನ್ನುತ್ತಿದ್ದರು. ನಾನೂ ಹಾಗೆಂದೇ ತಿಳಿದಿದ್ದೆ, ಅವಳೇ ನನಗೆ ಹೇಳುವವರೆಗೆ.

ಡಿಸೆಂಬರಿನ ನಡುವಿನಲ್ಲಿ ಒಂದು ಮಧ್ಯಾಹ್ನ ಸೆಲ್ಮರ್ ಕೋಲೂರಿಕೊಂಡು ಗುಡ್ಡ ಹತ್ತಿ ಅವಳ ಮರದ ಬುಡಕ್ಕೆ ಬಂದ. ಎಂಬತ್ತು ದಾಟಿದವನು. ಉಸಿರು ಹತೋಟಿಗೆ ಬರುವವರೆಗೆ ಮರಕ್ಕೆ ಒರಗಿ ನಿಂತ.

"ಕ್ರಿಸ್‌ಮಸ್ ವಾರ ಒಂದು ಬಿಡು, ಹುಡುಗಿ. ಒಂದೇ ವಾರ. ವಾಸನೆ ಇಳಿದ್ರೆ ನಾಲ್ಕಾದ್ರೂ ಮರಳಿ ಬರ್ತವೆ. ಡಾಕ್ಟ್ರು ಹೇಳಿದ್ದು ನಿಂಗೂ ಗೊತ್ತು, ಮುಂದಿನ ಚಳಿಗಾಲ ನಂಗಿಲ್ಲ."

"ಲೈಲ್ ಕೊಟ್ಟ ಮರ ಮಾವ. ಹೇಗೆ ಬಿಡ್ಲಿ?"

ಅವನು ಮೇಲೆ ನೋಡಿದ. "ಅವನಿಗೆ ಗೊತ್ತಿತ್ತೋ ಇಲ್ವೋ ಅನ್ನೋದು ತಾನೇ ನಿನ್ನನ್ನ ತಿಂತಿರೋದು? ಅದನ್ನ ಬಲ್ಲವನು ಈಗ ಭೂಮಿ ಮೇಲೆ ನಾನೊಬ್ಬನೇ."

ಅವಳು ಹಲಗೆಯ ಮೇಲಿಂದ ಬಗ್ಗಿದಳಂತೆ.

"ಹೇಳಿ ಮಾವ."

"ವಾರ ಬಿಡ್ತೀಯಾ?"

"ಮೊದ್ಲು ಹೇಳಿ."

"ಮೊದ್ಲು ಇಳಿ."

ಅವಳು ಹಲಗೆಯ ಅಂಚನ್ನು ಹಿಡಿದುಕೊಂಡಳು. ಒಂದು ಕಾಲು ಮೆಟ್ಟಿಲಿಗೆ ಇಟ್ಟದ್ದೂ ಉಂಟು. ಆಮೇಲೆ ಯೋಚಿಸಿದಳು. ಇಳಿದರೆ ಅವನು ಏನು ಹೇಳುತ್ತಾನೆ? ಗೊತ್ತಿತ್ತು ಎಂದರೆ ಅವಳು ಮತ್ತೆ ಹತ್ತಿಬಿಟ್ಟಾಳು. ಗೊತ್ತಿರಲಿಲ್ಲ ಎಂದೇ ಹೇಳುತ್ತಾನೆ, ನಿಜವಿದ್ದರೂ ಇಲ್ಲದಿದ್ದರೂ. ಅವಳು ಕಾಲನ್ನು ಮೇಲಕ್ಕೆ ಎಳೆದುಕೊಂಡಳು.

"ನೀವೇನು ಹೇಳ್ತೀರಿ ಅಂತ ನಂಗೊತ್ತು ಮಾವ. ಬೇಡ ಬಿಡಿ."

ಸೆಲ್ಮರನಿಗೆ ಮರಳಿ ಇಳಿಯುವ ಶಕ್ತಿ ಇರಲಿಲ್ಲ. ಮರದ ಬುಡದಲ್ಲಿ ಹಿಮದ ಮೇಲೆಯೇ ಕುಸಿದು ಕೂತ. ಅವಳು ಅವನನ್ನು ನೋಡಿದಳು. ಬಿಲ್ಲು ಇಳಿಸುವ ಹೊತ್ತು ಇನ್ನೂ ಆಗಿರಲಿಲ್ಲ. ಬಿಲ್ಲನ್ನು ತೊಡೆಯ ಮೇಲಿಟ್ಟುಕೊಂಡು, ಬೆಳಕು ಪೂರ್ತಿ ಆರುವವರೆಗೂ ಕೂತಿದ್ದಳು. ಆಮೇಲೆ ಇಳಿದು, ಮುದುಕನ ಕಂಕುಳಿಗೆ ಭುಜ ಕೊಟ್ಟು ಎಬ್ಬಿಸಿ, ನೆತ್ತಿಯ ದಾರಿಯಲ್ಲಿ ತನ್ನ ಮನೆಗೇ ಕರೆತಂದಳು. ಒದ್ದೆ ಬೂಟು ಕಳಚಿದಳು, ಪಾದಗಳನ್ನು ಉಜ್ಜಿದಳು, ಬಟಾಣಿ ಸೂಪು ಬಿಸಿ ಮಾಡಿ ಬ್ರೆಡ್ಡಿನ ಜೊತೆ ಕೊಟ್ಟಳು. ಆ ಶೀತ ಅವನ ಎದೆಗಿಳಿಯಿತು. ಈಸ್ಟರಿಗೆ ಮೊದಲೇ ಅವನು ಹೋದ.

"ಸೂಪು ಕುಡಿಯೋವಾಗ ಎದುರಿಗೇ ಕೂತಿದ್ದೆಯಲ್ಲ" ಎಂದೆ ನಾನು. "ಆಗಲಾದರೂ ಕೇಳಬೇಕು ಅನ್ನಿಸಲಿಲ್ಲವೇ ಆರ್ಡಿಸ್?"

"ಉಪ್ಪು ಸಾಕಾ ಅಂತ ಕೇಳ್ದೆ ಮೇಷ್ಟ್ರೇ" ಎಂದಳು. "ಸಾಕು ಅಂದ್ರು."